ಅಜ್ಜನ ವಾಚು, ಪದಕ ಹರಾಜಿಗೆ ಹೋದದ್ದು: ನನ್ನ ಅನುಭವ

ಹರಾಜಿಗೆ ಕೊಡುವ ತೀರ್ಮಾನ ನನ್ನೊಬ್ಬನದಲ್ಲ. 2018ರ ಮಳೆಗೆ ಕೊಡಗಿನ ನಮ್ಮ ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ಹಿಂದಿನ ಗೋಡೆ ಕುಸಿದಿತ್ತು. ರಿಪೇರಿಗೆ ದುಡ್ಡು ಬೇಕಿತ್ತು. ಒಕ್ಕದವರೆಲ್ಲ (ಒಂದೇ ಮನೆತನದವರು) ಸೇರಿದಾಗ ಅಟ್ಟದ ಮೇಲಿನ ಕಪ್ಪು ಟ್ರಂಕಿನ ಮಾತು ಬಂತು. 'ಸೈನಿಕನ ಪದಕ ಮಾರೋದಾ?' ಅಂತ ಚಿಕ್ಕಪ್ಪ ಎದ್ದು ಹೋದರು. ಅವರೂ ಸೇನೆಯಲ್ಲಿ ಇದ್ದವರು, ಅವರಿಗೆ ನೋವಾಗೋದು ಸಹಜ. ಆದರೆ ಕೊಡಗಿನ ಮಳೆಗಾಲದಲ್ಲಿ ಟ್ರಂಕಿನೊಳಗಿನ ಕಾಗದಕ್ಕೆ ಎಷ್ಟು ಆಯಸ್ಸು? ಆಗಲೇ ಅಂಚಿಗೆಲ್ಲ ಬೂಷ್ಟು ಹತ್ತಿತ್ತು. ಕೊನೆಗೆ ಅವರು ಒಂದು ಷರತ್ತು ಹಾಕಿ ಒಪ್ಪಿದರು. ಬಿಡಿಬಿಡಿಯಾಗಿ ಮಾರಬಾರದು, ಹೋಗೋದಾದರೆ ಎಲ್ಲ ಒಟ್ಟಿಗೇ ಹೋಗಬೇಕು. ಅವತ್ತು ಅದು ಭಾವನೆಯ ಮಾತು ಅನ್ನಿಸಿತ್ತು. ಕೆಲಸಕ್ಕೆ ಇಳಿದ ಮೇಲೆ ಅದೇ ಸರಿಯಾದ ವ್ಯಾಪಾರದ ಮಾತೂ ಹೌದು ಅಂತ ಗೊತ್ತಾಯಿತು.

ಅಜ್ಜ ಬರ್ಮಾದಲ್ಲಿ ಹೋರಾಡಿದವರು. ಆಮೇಲೆ 1947-48ರಲ್ಲಿ ಕಾಶ್ಮೀರದಲ್ಲೂ ಇದ್ದರು. ಟ್ರಂಕಿನಲ್ಲಿ 1939-45 ಸ್ಟಾರ್, ಬರ್ಮಾ ಸ್ಟಾರ್, ವಾರ್ ಮೆಡಲ್, 1947ರ ಸ್ವಾತಂತ್ರ್ಯ ಪದಕ, 'ಜಮ್ಮು ಅಂಡ್ ಕಾಶ್ಮೀರ್' ಅಂತ ಬರೆದ ಲೋಹದ ಪಟ್ಟಿ ಇರುವ ಜನರಲ್ ಸರ್ವಿಸ್ ಮೆಡಲ್ ಇದ್ದವು. ಜೊತೆಗೆ ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಪುಸ್ತಕ, ಕೆಲವು ಫೋಟೋ, ಒಂದು ವಾಚು. ಬರ್ಮಾ ಸ್ಟಾರ್‌ನ ರಿಬ್ಬನ್ ನೋಡಬೇಕು. ಎರಡೂ ಕಡೆ ಗಾಢ ನೀಲಿ, ನಡುವೆ ಅಗಲವಾದ ಕೆಂಪು, ನೀಲಿಯ ಮಧ್ಯೆ ಕಿತ್ತಳೆ ಗೆರೆ. ಅಷ್ಟು ವರ್ಷ ಕತ್ತಲಲ್ಲಿ ಇದ್ದದ್ದಕ್ಕೋ ಏನೋ, ಬಣ್ಣ ಸ್ವಲ್ಪವೂ ಮಾಸಿರಲಿಲ್ಲ. ಮನೆಯವರು ಹಿತ್ತಾಳೆ ಉಜ್ಜುವ ಪಾಲಿಶ್ ತಂದರು. ನಾನು ಮುಟ್ಟೋಕೆ ಬಿಡಲಿಲ್ಲ. ಉಜ್ಜಿದರೆ ಹೊಳಪು ಬರುತ್ತದೆ, ಆದರೆ ಅಚ್ಚಿನ ಅಂಚು ಸವೆಯುತ್ತದೆ. ಸಂಗ್ರಹಕಾರರಿಗೆ ಕಪ್ಪುಗಟ್ಟಿದ ಪದಕವೇ ಇಷ್ಟ.

ವಾಚು ಸ್ವಿಸ್ ಮೋರಿಸ್. ಹಿಂಬದಿಯಲ್ಲಿ ಮೂರು ಗೆರೆಯ ಬಾಣದ ಗುರುತು, ಅದರ ಜೊತೆ ಎ.ಟಿ.ಪಿ. ಅಂತ ಅಕ್ಷರ, ಒಂದು ನಂಬರ್. ಆ ಬಾಣ ಬ್ರಿಟಿಷ್ ಸರ್ಕಾರಿ ಆಸ್ತಿಯ ಗುರುತು. ಎ.ಟಿ.ಪಿ. ಅಂದರೆ ಆರ್ಮಿ ಟ್ರೇಡ್ ಪ್ಯಾಟರ್ನ್. ಯುದ್ಧದ ಕಾಲದಲ್ಲಿ ಹಲವು ಸ್ವಿಸ್ ಕಂಪನಿಗಳಿಂದ ಸೇನೆಗೆ ತರಿಸಿದ ವಾಚುಗಳಿವು. ಮುಳ್ಳಿನ ಮೇಲೆ, ಅಂಕಿಗಳ ಪಕ್ಕದ ಚುಕ್ಕಿಗಳ ಮೇಲೆ ರೇಡಿಯಂ ಬಣ್ಣ ಕಂದುಬಣ್ಣಕ್ಕೆ ತಿರುಗಿತ್ತು. ಈಗ ಅದು ಕತ್ತಲಲ್ಲಿ ಹೊಳೆಯುವುದಿಲ್ಲ. ಹಾಗಂತ ರೇಡಿಯಂನ ವಿಕಿರಣ ಸತ್ತಿಲ್ಲ, ಅದು ಅರ್ಧಕ್ಕೆ ಇಳಿಯೋಕೇ ಸುಮಾರು 1600 ವರ್ಷ ಬೇಕು. ಸವೆದಿರೋದು ಬೆಳಕು ಕೊಡುವ ಸತುವಿನ ಸಲ್ಫೈಡ್. ಅದಕ್ಕೇ ಇಂಥ ವಾಚನ್ನು ಮನೆಯಲ್ಲಿ ಬಿಚ್ಚಬಾರದು, ಆ ಬಣ್ಣದ ಪುಡಿ ಉಸಿರಿಗೆ ಹೋಗಬಾರದು. ಕೀಲಿ ಕೊಟ್ಟು ಓಡಿಸಿ ನೋಡುವ ಆಸೆಯೂ ಬೇಡ. ಒಳಗಿನ ಎಣ್ಣೆ ಒಣಗಿರುತ್ತದೆ, ಓಡಿಸಿದರೆ ಗಾಲಿಗಳ ಮೊನೆ ಸವೆಯುತ್ತದೆ.

ಮೊದಲು ತೋರಿಸಿದ ಒಬ್ಬ ವ್ಯಾಪಾರಿ ವಾಚು ಮಾತ್ರ ಕೇಳಿದರು. 'ಡಯಲ್‌ಗೆ ಹೊಸ ಬಣ್ಣ ಹಾಕಿಸೋಣ, ಜಾಸ್ತಿ ಬರುತ್ತೆ' ಅಂದರು. ಬೇಡ ಅಂದೆ. ಬಣ್ಣ ಬಳಿದ ಡಯಲ್‌ಗಳು ನಮ್ಮ ಮಾರುಕಟ್ಟೆ ತುಂಬ ಇವೆ. ತಿಳಿದವರು ನೋಡಿದ ತಕ್ಷಣ ಪಕ್ಕಕ್ಕಿಡುತ್ತಾರೆ.

ನಿಜವಾದ ಕೆಲಸ ಇದ್ದದ್ದು ಬೇರೆ ಕಡೆ, ಇವೆಲ್ಲ ಅಜ್ಜನವೇ ಅಂತ ತೋರಿಸೋದರಲ್ಲಿ. ವಾಚಿನ ಹಿಂದಿನ ನಂಬರ್ ವಾಚಿನದು, ಅಜ್ಜನದಲ್ಲ. ಆ ನಂಬರಿನಿಂದ ಇದು ಯಾರ ಕೈಯಲ್ಲಿತ್ತು ಅಂತ ಹೇಳೋಕಾಗಲ್ಲ. ಬರ್ಮಾ ಸ್ಟಾರ್ ಮೇಲೂ ಹೆಸರಿರಲಿಲ್ಲ. ಹೆಸರಿದ್ದದ್ದು ಜನರಲ್ ಸರ್ವಿಸ್ ಮೆಡಲ್‌ನ ಅಂಚಿನಲ್ಲಿ. ಭೂತಗನ್ನಡಿ ಹಿಡಿದು ನಿಧಾನವಾಗಿ ತಿರುಗಿಸಿದೆ. ಮೊದಲು ನಂಬರ್, ಆಮೇಲೆ ರ‍್ಯಾಂಕ್, ಹೆಸರು, ಕೊನೆಗೆ ಪಡೆ. ಮನೆಹೆಸರನ್ನು ಮೊಟಕು ಮಾಡಿದ್ದರು, ಸ್ಪೆಲಿಂಗ್ ಕೂಡ ಬೇರೆ. ಆದರೆ ನಂಬರ್ ಡಿಸ್ಚಾರ್ಜ್ ಪುಸ್ತಕದ ನಂಬರಿಗೆ ಅಕ್ಷರ ತಪ್ಪದೆ ಹೊಂದಿತು. ಆ ಪುಸ್ತಕದಲ್ಲಿ ಬರ್ಮಾ ಸೇವೆಯೂ ದಾಖಲಾಗಿತ್ತು. ಅಲ್ಲಿಗೆ ಸ್ಟಾರ್‌ಗಳೂ ಅವರವೇ ಅಂತಾಯಿತು. ಬಿಡಿಬಿಡಿಯಾಗಿ ಮಾರಿದ್ದರೆ ಈ ಸಾಕ್ಷಿಯ ಕೊಂಡಿಯೇ ಕಳಚುತ್ತಿತ್ತು. ವಾಚಿಗೆ ಸಾಕ್ಷಿ ಒಂದು ಫೋಟೋ. ಹಿಂದೆ ಅಜ್ಜನ ಕೈಬರಹದಲ್ಲಿ 'ಮೆಕ್ಟಿಲಾ, 1945' ಅಂತಿದೆ, ಅದು ಬರ್ಮಾದ ಊರು. ತೋಳು ಮಡಚಿ ನಿಂತಿದ್ದಾರೆ, ಎಡಗೈಯಲ್ಲಿ ವಾಚು. ಹೆಚ್ಚಿನ ರೆಸಲ್ಯೂಶನ್‌ನಲ್ಲಿ ಸ್ಕ್ಯಾನ್ ಮಾಡಿಸಿ ದೊಡ್ಡದು ಮಾಡಿದಾಗ ಆರರ ಅಂಕಿಯ ಜಾಗದಲ್ಲಿ ಸೆಕೆಂಡಿನ ಪುಟ್ಟ ವೃತ್ತ ಕಂಡಿತು, ಟ್ರಂಕಿನ ವಾಚಿನಲ್ಲಿರುವಂಥದೇ. ನನ್ನ ಕೈ ನಡುಗಿದ್ದು ಆಗ.

ಟ್ರಂಕಿನಲ್ಲಿ ಮುತ್ತಜ್ಜನ ಮೊದಲ ಮಹಾಯುದ್ಧದ ಪದಕಗಳೂ ಇದ್ದವು. ಅವನ್ನು ಎತ್ತಿಟ್ಟೆವು. 1972ರ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷ ದಾಟಿದ ವಸ್ತುಗಳನ್ನು ಬೇರೆಯಾಗಿ ನೋಡುತ್ತದೆ. ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಕೈಲ್‌ಪೊಳ್ದ್‌ಗೆ (ಕೊಡವರ ಆಯುಧಪೂಜೆಯ ಹಬ್ಬ) ಪೂಜೆಗಿಡುವ ಕೋವಿಯನ್ನಂತೂ ಯಾರೂ ಹರಾಜಿನ ಮಾತಿಗೆ ತರಲೇ ಇಲ್ಲ.

ಬೆಂಗಳೂರಿನ ಹರಾಜು ಸಂಸ್ಥೆಯವರ ಜೊತೆ ಮೂರು ವಿಷಯ ಬರಹದಲ್ಲಿ ಮಾಡಿಕೊಂಡೆ. ಎಲ್ಲ ಸೇರಿ ಒಂದೇ ಲಾಟ್, ಅಂದರೆ ಒಟ್ಟಿಗೇ ಹರಾಜು. ಮೀಸಲು ಬೆಲೆಗಿಂತ ಕೆಳಗೆ ಕೊಡುವಂತಿಲ್ಲ. ಹರಾಜಾಗದಿದ್ದರೆ ವಾಪಸ್ ಕಳಿಸುವ ಖರ್ಚು ಅವರದು. ಮಾರುವವರಿಂದ ಕಮಿಷನ್ ಹಿಡಿಯುತ್ತಾರೆ, ಕೊಳ್ಳುವವರಿಂದ ಪ್ರೀಮಿಯಂ ಬೇರೆ ತೆಗೆದುಕೊಳ್ಳುತ್ತಾರೆ. ಇದನ್ನು ಮೊದಲೇ ಕೇಳಿಕೊಳ್ಳಬೇಕು. ಕ್ಯಾಟಲಾಗ್‌ಗೆ ಅಜ್ಜನ ಬಗ್ಗೆ ಒಂದು ಪುಟ ನಾನೇ ಬರೆದು ಕೊಟ್ಟೆ. ಕಾಗದದಲ್ಲಿ ಇದ್ದದ್ದು ಮಾತ್ರ ಬರೆದೆ. ಮನೆಯಲ್ಲಿ ಹೇಳುವ ಶೌರ್ಯದ ಕತೆಗಳನ್ನು 'ಕುಟುಂಬದವರ ಮಾತು' ಅಂತ ಬೇರೆ ಸಾಲಿನಲ್ಲಿ ಇಟ್ಟೆ. ಹಾಗೆ ಬೇರೆ ಇಟ್ಟರೇ ಉಳಿದದ್ದನ್ನೂ ಜನ ನಂಬುತ್ತಾರೆ, ಅಲ್ವಾ?

ಲಾಟ್ ಮೀಸಲು ಬೆಲೆ ದಾಟಿ ಹೋಯಿತು. ಕೊಂಡವರು ಬರ್ಮಾ ಯುದ್ಧದ ವಸ್ತುಗಳನ್ನೇ ಸೇರಿಸುವವರು. ಉಳಿದ ಫೋಟೋಗಳ ಸ್ಕ್ಯಾನ್ ಕೂಡ ಕೇಳಿದರು, ಸಂತೋಷದಿಂದ ಕಳಿಸಿದೆ. ಗೋಡೆ ಎದ್ದಿದೆ. ಚಿಕ್ಕಪ್ಪ ಕ್ಯಾಟಲಾಗ್‌ನ ಒಂದು ಪ್ರತಿ ಕೇಳಿ ಇಟ್ಟುಕೊಂಡಿದ್ದಾರೆ.

ಈಗ ಪಕ್ಕದ ಊರಿನ ಹಿರಿಯರೊಬ್ಬರು ತಮ್ಮ 1971ರ ಯುದ್ಧದ ಪದಕಗಳಾದ ಪೂರ್ವಿ ಸ್ಟಾರ್, ಸಂಗ್ರಾಮ್ ಮೆಡಲ್ ಮತ್ತು ಎಚ್‌ಎಂಟಿ ವಾಚನ್ನು ತಂದು ತೋರಿಸಿದ್ದಾರೆ. ಮಾರೋದು ಬಿಡೋದು ಆಮೇಲೆ ನೋಡೋಣ ಅಂದಿದ್ದೇನೆ. ಅವರು ಗಟ್ಟಿಯಾಗಿದ್ದಾರೆ, ನೆನಪೂ ಚೆನ್ನಾಗಿದೆ. ಈ ವಾಚು ಎಲ್ಲಿ ಕೊಂಡದ್ದು, ಕಟ್ಟಿಕೊಂಡು ಎಲ್ಲೆಲ್ಲಿ ಹೋದದ್ದು, ಅದನ್ನು ಅವರ ಬಾಯಲ್ಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇವೆ.