ಡೇಕೇರ್ ನೋಡಲು ಹೋದಾಗ ನಾನು ಎಲ್ಲಿ ಕೂರುತ್ತೇನೆ

ಡೇಕೇರ್‌ಗಳಿಗೆ ಹೋಗಿ, ಕೂತು ನೋಡಿ, ಗುಣಮಟ್ಟ ಹೇಗಿದೆ ಎಂದು ವರದಿ ಬರೆದುಕೊಡುವುದು ನನ್ನ ಕೆಲಸ. ಅದಕ್ಕೂ ಮೊದಲು ಎರಡು ವರ್ಷದೊಳಗಿನ ಮಕ್ಕಳ ಕೋಣೆಯಲ್ಲಿ ಟೀಚರ್ ಆಗಿದ್ದೆ. "ಒಳ್ಳೆ ಡೇಕೇರ್ ಅಂತ ಗೊತ್ತಾಗೋದು ಹೇಗೆ?" ಎಂದು ಪರಿಚಯದವರು ಕೇಳುತ್ತಲೇ ಇರುತ್ತಾರೆ. ನಾನು ಹೇಳುವುದು ಒಂದೇ ಮಾತು: ಡೈಪರ್ ಬದಲಾಯಿಸುವ ಜಾಗದ ಹತ್ತಿರ ಹೋಗಿ ಕೂತುಕೊಳ್ಳಿ. ಕೇಳಿದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಅವರು ಸಿಲೆಬಸ್, ಆಟದ ಸಾಮಾನು, ಕ್ಯಾಮೆರಾ ಬಗ್ಗೆ ಕೇಳೋಣ ಅಂತ ಬಂದಿರುತ್ತಾರೆ.

ಒಂದು ವರ್ಷದ ಮಗು ಇಡೀ ದಿನ ಡೇಕೇರ್‌ನಲ್ಲಿ ಇರುತ್ತದೆ ಅಂದುಕೊಳ್ಳಿ. ಆ ಹೊತ್ತಿನಲ್ಲಿ ದೊಡ್ಡ ಪಾಲು ತಿನ್ನುವುದು, ಮಲಗುವುದು, ಡೈಪರ್ ಬದಲಾಯಿಸಿಕೊಳ್ಳುವುದು, ಕೈ–ಮುಖ ತೊಳೆಸಿಕೊಳ್ಳುವುದರಲ್ಲೇ ಹೋಗುತ್ತದೆ. ಹಾಡು, ಕತೆ, ಬಣ್ಣ ಎಲ್ಲ ಉಳಿದ ಹೊತ್ತಿನಲ್ಲಿ. ಅದೂ ಅಲ್ಲದೆ, ಕೋಣೆ ತುಂಬ ಮಕ್ಕಳಿರುವ ಕಡೆ ಒಂದು ಮಗುವಿಗೆ ಒಬ್ಬ ದೊಡ್ಡವರು ಪೂರ್ತಿ ಸಿಗುವುದು ಡೈಪರ್ ಬದಲಾಯಿಸುವಾಗ ಮಾತ್ರ. ಮುಖಕ್ಕೆ ಮುಖ, ಒಂದು ಮೊಳ ದೂರದಲ್ಲಿ. ಆ ಹೊತ್ತು ಹೇಗೆ ಕಳೆಯುತ್ತದೆ ಎಂದು ನೋಡಿದರೆ ಉಳಿದ ದಿನ ಹೇಗಿರುತ್ತದೆ ಎಂಬುದರ ಅಂದಾಜು ಸಿಗುತ್ತದೆ.

ಎರಡು ಕಡೆ ನೋಡಿದ್ದನ್ನು ಹೇಳುತ್ತೇನೆ. ಒಂದು ಕಡೆ ಮಗು ನೆಲದ ಮೇಲೆ ಕೂತು ಡಬ್ಬಿಯೊಳಗೆ ಚೆಂಡು ಹಾಕಿ ತೆಗೆದು ಮಾಡುತ್ತಿತ್ತು. ನೋಡಿಕೊಳ್ಳುವವರು ಹಿಂದಿನಿಂದ ಬಂದು, ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿಕೊಂಡು ಹೋದರು. ಮಗುವಿನ ಕೈ ಇನ್ನೂ ಡಬ್ಬಿಯ ಕಡೆಗೇ ಚಾಚಿತ್ತು. ಮಲಗಿಸಿ, ಬಿಚ್ಚಿ, ಒರೆಸಿ, ಹೊಸದು ಕಟ್ಟಿ, ಮತ್ತೆ ತಂದು ಕೂರಿಸಿದರು. ಕೆಲಸ ಚುರುಕಾಗಿತ್ತು, ಚೊಕ್ಕವಾಗಿಯೂ ಇತ್ತು. ಆದರೆ ಅಷ್ಟೂ ಹೊತ್ತು ಅವರು ಮಾತಾಡಿದ್ದು ಕೋಣೆಯ ಆಚೆ ಬದಿಯಲ್ಲಿದ್ದ ಇನ್ನೊಬ್ಬರ ಜೊತೆ. ಮಗು ಮೇಲೆ ಎಲ್ಲೋ ನೋಡುತ್ತಾ ಮಲಗಿತ್ತು.

ಇನ್ನೊಂದು ಕಡೆ, ಹೆಚ್ಚು ಕಡಿಮೆ ಅದೇ ವಯಸ್ಸಿನ ಮಗು. ಟೀಚರ್ ಮುಂದೆ ಬಂದು ಮಂಡಿಯೂರಿ ಕೂತರು. ಕೈಯಲ್ಲಿದ್ದ ಹೊಸ ಡೈಪರ್ ತೋರಿಸಿ, "ಡೈಪರ್ ಬದಲಾಯಿಸೋಣ್ವಾ?" ಎಂದರು. ಆಮೇಲೆ ಸುಮ್ನೆ ಕಾದರು. ಮಗು ಒಮ್ಮೆ ಅವರನ್ನು, ಒಮ್ಮೆ ಕೈಯಲ್ಲಿದ್ದ ಬ್ಲಾಕನ್ನು ನೋಡಿತು. "ನಿನ್ ಬ್ಲಾಕ್ ಇಲ್ಲೇ ಇಟ್ಟಿರೋಣ, ಬಂದ್ಮೇಲೆ ಆಡು" ಎಂದು ಕಪಾಟಿನ ತುದಿ ತಟ್ಟಿ ತೋರಿಸಿದರು. ಮಗು ತಾನೇ ಹೋಗಿ ಬ್ಲಾಕ್ ಅಲ್ಲಿಟ್ಟು ಕೈ ಎತ್ತಿತು. ಮಲಗಿಸಿದ ಮೇಲೂ ಮಾತು ನಿಲ್ಲಲಿಲ್ಲ. "ಈಗ ಒರೆಸ್ತೀನಿ, ಸ್ವಲ್ಪ ತಣ್ಣಗಿರತ್ತೆ." "ಕಾಲೆತ್ತು ನೋಡೋಣ." ಮಗು ಕಾಲೆತ್ತಿತು! ಕೊನೆಗೆ ಇಬ್ಬರೂ ಕೈ ತೊಳೆದುಕೊಂಡರು, ಟೇಬಲ್ ಒರೆಸಿದ್ದೂ ಆಯಿತು. ಮೊದಲನೆಯವರಿಗಿಂತ ಜಾಸ್ತಿ ಹಿಡಿದದ್ದು ಒಂದೆರಡು ನಿಮಿಷ ಅಷ್ಟೇ. ಅಷ್ಟರಲ್ಲಿ ಆ ಮಗುವಿಗೆ ಎಷ್ಟು ಮಾತು ಸಿಕ್ಕಿತು! ತನ್ನ ಮೈಗೆ ಏನು ಆಗುತ್ತಿದೆ, ಮುಂದೆ ಏನು ಆಗಲಿದೆ ಎಂದೂ ಅದಕ್ಕೆ ಗೊತ್ತಿತ್ತು.

ಈ ವಿಚಾರ ನನ್ನದಲ್ಲ. ಹಂಗೇರಿಯ ಮಕ್ಕಳ ವೈದ್ಯೆ ಎಮ್ಮಿ ಪಿಕ್ಲರ್ 1946ರಲ್ಲಿ ಬುಡಾಪೆಸ್ಟ್‌ನಲ್ಲಿ ಅನಾಥ ಶಿಶುಗಳಿಗಾಗಿ ಒಂದು ಮನೆ ಶುರು ಮಾಡಿದರು. ಎತ್ತುವಾಗ, ಉಣ್ಣಿಸುವಾಗ, ಬಟ್ಟೆ ಬದಲಾಯಿಸುವಾಗ ಅವಸರ ಮಾಡಬಾರದು, ಮಗುವನ್ನೂ ಕೆಲಸದಲ್ಲಿ ಸೇರಿಸಿಕೊಳ್ಳಬೇಕು ಎಂಬುದು ಅಲ್ಲಿನ ದಿನನಿತ್ಯದ ನಿಯಮವಾಗಿತ್ತು. ಮನೆಯವರೇ ಇಲ್ಲದ ಮಕ್ಕಳಿಗೂ ಅಷ್ಟು ನಂಟು ಸಿಗುವ ಹಾಗೆ ಮಾಡಿದ್ದರು. ಸಂಜೆ ಮನೆಗೆ ಹೋಗುವ ಮಕ್ಕಳಿಗೆ ನಾವು ಅಷ್ಟಾದರೂ ಮಾಡಬೇಕು ಅಲ್ವಾ?

ಕೆಲಸಕ್ಕೆ ಹೋದಾಗ ನನ್ನ ಕೈಯಲ್ಲಿ ಗುಣಮಟ್ಟ ಅಳೆಯುವ ಅಂಕಪಟ್ಟಿ ಇರುತ್ತದೆ. ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವುದು ಎಕರ್ಸ್ (ECERS) ಎಂಬ ಪಟ್ಟಿ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಥೆಲ್ಮಾ ಹಾರ್ಮ್ಸ್ ಮತ್ತು ರಿಚರ್ಡ್ ಕ್ಲಿಫರ್ಡ್ 1980ರಲ್ಲಿ ಹೊರತಂದದ್ದು. ಪುಟ್ಟ ಮಕ್ಕಳ ಕೋಣೆಗಳಿಗೆಂದೇ 1990ರಲ್ಲಿ ಐಟರ್ಸ್ (ITERS) ಬಂತು. ಎರಡರಲ್ಲೂ ಒಂದೊಂದು ವಿಷಯಕ್ಕೆ 1ರಿಂದ 7ರವರೆಗೆ ಅಂಕ. 1 ಅಂದರೆ ಸಾಲದು, 3 ಅಂದರೆ ಕನಿಷ್ಠ, 5 ಒಳ್ಳೆಯದು, 7 ಬಹಳ ಒಳ್ಳೆಯದು. 3ರ ಕೆಳಗೆ ಬರೆದಿರುವುದೆಲ್ಲ ಇಲ್ಲದಿದ್ದರೆ 3 ಕೊಡುವ ಹಾಗಿಲ್ಲ. ನಾಲ್ಕು ಒಳ್ಳೆಯದಿದೆ, ಒಂದು ಬಿಟ್ಟುಬಿಡೋಣ ಎನ್ನುವ ಧಾರಾಳತನ ಅಲ್ಲಿ ನಡೆಯುವುದಿಲ್ಲ. ಹೊಸ ಆವೃತ್ತಿಗಳಲ್ಲಿ ಒಂದು ಕೋಣೆಯಲ್ಲಿ ಮೂರು ಗಂಟೆ ಕೂತು ನೋಡಬೇಕು. ನನಗೆ ಈ ಪಟ್ಟಿಯಲ್ಲಿ ತುಂಬಾ ಇಷ್ಟವಾಗುವುದು ಈ ಮೂರು ಗಂಟೆ. ಮೊದಲರ್ಧ ಗಂಟೆ ಯಾರು ಬೇಕಾದರೂ ಚೆನ್ನಾಗಿ ನಡೆದುಕೊಳ್ಳಬಹುದು. ಮೂರನೇ ಗಂಟೆಯ ಹೊತ್ತಿಗೆ ನಾನಿದ್ದೇನೆ ಎನ್ನುವುದೇ ಮರೆತುಹೋಗಿರುತ್ತದೆ. ಎರಡು ಮಕ್ಕಳು ಒಟ್ಟಿಗೆ ಅಳುತ್ತಿರುತ್ತವೆ, ಊಟ ಬಂದಿರುತ್ತದೆ, ಒಬ್ಬರು ಬಾತ್‌ರೂಮಿಗೆ ಹೋಗಿರುತ್ತಾರೆ. ನಾನು ನೋಡಬೇಕಾದದ್ದು ಆ ಹೊತ್ತನ್ನು.

ಪಟ್ಟಿ ತುಂಬುವುದರ ಜೊತೆಗೆ ನಾನು ಇನ್ನೊಂದು ಕೆಲಸ ಮಾಡುತ್ತೇನೆ. ಕೋಣೆಯಲ್ಲಿ ಸದ್ದಿಲ್ಲದೆ ಕೂತಿರುವ ಒಂದು ಮಗುವನ್ನು ಆರಿಸಿಕೊಂಡು, ಸ್ವಲ್ಪ ಹೊತ್ತು ಅದನ್ನೊಂದನ್ನೇ ನೋಡುತ್ತೇನೆ. ಜೋರಾಗಿ ಅಳುವ, ನಗುವ ಮಕ್ಕಳ ಹತ್ತಿರ ಯಾರಾದರೂ ಬಂದೇ ಬರುತ್ತಾರೆ. ತಂಟೆಯಿಲ್ಲದ ಮಗುವಿನ ಹತ್ತಿರ ಯಾರು ಬರುತ್ತಾರೆ? ಅದರ ಹೆಸರು ಹಿಡಿದು ಯಾರು ಕರೆದರು? ಅದು ಬೆರಳು ತೋರಿಸಿದಾಗ ಆ ಕಡೆ ನೋಡಿ "ಹೌದಲ್ಲ, ಬೆಕ್ಕು!" ಎಂದವರು ಯಾರು? ಮಗು ಒಂದು ಸದ್ದು ಮಾಡುತ್ತದೆ, ದೊಡ್ಡವರು ಉತ್ತರ ಕೊಡುತ್ತಾರೆ, ಮಗು ಮತ್ತೆ ಸದ್ದು ಮಾಡುತ್ತದೆ. ಮಾತು ಬೆಳೆಯುವುದು ಈ ಕೊಡು–ಕೊಳ್ಳುವಿಕೆಯಲ್ಲಿ. ಅಮೆರಿಕದಲ್ಲಿ 1991ರಲ್ಲಿ ಶುರುವಾಗಿ, 1,300ಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ದೊಡ್ಡ ಅಧ್ಯಯನವೊಂದಿದೆ. ಮಕ್ಕಳ ಮೇಲೆ ಮನೆಯ ಪ್ರಭಾವವೇ ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಹೊರಗಿನ ಆರೈಕೆಯಲ್ಲಿ, ಪ್ರೀತಿಯಿಂದ ಸ್ಪಂದಿಸಿ ಮಾತಾಡುವವರ ಕೈಯಲ್ಲಿದ್ದ ಮಕ್ಕಳು ಭಾಷೆಯಲ್ಲಿ, ಕಲಿಕೆಯಲ್ಲಿ ಸ್ವಲ್ಪ ಮುಂದಿದ್ದರು. ಸ್ವಲ್ಪವೇ ಇರಬಹುದು. ಆದರೆ ಇದು ನಮ್ಮ ಕೈಯಲ್ಲಿರುವ ವಿಷಯ.

ಈಗ ಮೊದಲು ಹೇಳಿದ ಡೇಕೇರ್‌ಗೆ ಬರುತ್ತೇನೆ. ಮಗುವನ್ನು ಹಿಂದಿನಿಂದ ಎತ್ತಿಕೊಂಡು ಹೋದವರನ್ನು ನಾನು ವರದಿಯಲ್ಲಿ ದೂರಲಿಲ್ಲ. ಅವರೊಬ್ಬರ ಪಾಲಿಗೆ ಅಷ್ಟೊಂದು ಮಕ್ಕಳು ಬಿದ್ದಿದ್ದರು. ಒಬ್ಬರಾದ ಮೇಲೆ ಒಬ್ಬರ ಡೈಪರ್ ಮುಗಿಸುವುದೇ ಅವರ ಬೆಳಗ್ಗೆಯ ಕೆಲಸವಾಗಿತ್ತು. ಅಂಥ ಕಡೆ ಪ್ರೀತಿಯಿಂದ ಮಾತಾಡಿ ಎಂದು ತರಬೇತಿ ಕೊಟ್ಟು ಏನು ಉಪಯೋಗ? ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಬೇರೆ ಸಂಸ್ಥೆಗಳ ಜೊತೆ ಸೇರಿ ಮಾಡಿರುವ ಮಾನದಂಡದಲ್ಲಿ ಒಂದು ವರ್ಷದವರೆಗಿನ ಮಕ್ಕಳು ಮೂವರಿದ್ದರೆ ಒಬ್ಬ ದೊಡ್ಡವರು, ಮೂರು ವರ್ಷದೊಳಗೆ ನಾಲ್ವರಿಗೆ ಒಬ್ಬರು, ಮೂರು ವರ್ಷದವರು ಏಳು ಜನರಿಗೆ ಒಬ್ಬರು ಎಂದಿದೆ. ಎಷ್ಟೋ ದೇಶಗಳ ಕಾನೂನು ಇದಕ್ಕಿಂತ ಸಡಿಲ. ಇಂಗ್ಲೆಂಡ್‌ನಲ್ಲಿ ಎರಡು ವರ್ಷದ ಮಕ್ಕಳಿಗೆ ನಾಲ್ವರಿಗೊಬ್ಬರು ಎಂದು ಇದ್ದದ್ದನ್ನು 2023ರಲ್ಲಿ ಐವರಿಗೊಬ್ಬರು ಎಂದು ಬದಲಾಯಿಸಿದರು. ನನಗೆ ಅದು ಸರಿ ಕಾಣಲಿಲ್ಲ. ಐದು ಜನ ಎರಡು ವರ್ಷದ ಮಕ್ಕಳನ್ನು ಒಬ್ಬರೇ ಇಡೀ ದಿನ ನೋಡಿಕೊಂಡವರಿಗೆ ಆ ಒಂದು ಮಗುವಿನ ಭಾರ ಗೊತ್ತಿರುತ್ತದೆ.

ಕಾಗದದಲ್ಲಿರುವ ಲೆಕ್ಕವನ್ನು ಮಾತ್ರ ನಂಬಬೇಡಿ. ಸಿಬ್ಬಂದಿ ಊಟಕ್ಕೆ ಹೋದಾಗ, ಯಾರಾದರೂ ರಜೆ ಹಾಕಿದಾಗ, ಸಂಜೆ ಎರಡು ಕೋಣೆಯ ಮಕ್ಕಳನ್ನು ಒಂದೇ ಕಡೆ ಸೇರಿಸಿದಾಗ ಎಷ್ಟು ಮಕ್ಕಳಿಗೆ ಎಷ್ಟು ಜನ ಇದ್ದಾರೆ, ಎಣಿಸಿ. ನಾನು ಪ್ರತಿ ಸಲ ಎಣಿಸುತ್ತೇನೆ.

ಊಟದ ಹೊತ್ತೂ ಬಹಳ ಹೇಳುತ್ತದೆ. ಒಬ್ಬರು ನಿಂತುಕೊಂಡೇ ಒಂದು ಬಟ್ಟಲು, ಒಂದು ಚಮಚ ಹಿಡಿದು ಸಾಲಾಗಿ ನಾಲ್ಕು ಬಾಯಿಗೆ ತುರುಕುತ್ತಿದ್ದರೆ ನನಗೆ ಅಲ್ಲಿ ಕೂರಲು ಆಗುವುದಿಲ್ಲ. ಸೋಂಕು ಹರಡುವುದು ಒಂದು. ಬಾಯಲ್ಲಿದ್ದದ್ದು ಇಳಿಯಿತಾ, ಸಾಕಾಯಿತಾ ಎಂದು ಮಗುವನ್ನು ಯಾರೂ ಕೇಳದಿರುವುದು ಇನ್ನೊಂದು. ಮುಖ ತಿರುಗಿಸಿದರೆ ಸಾಕು ಎಂದರ್ಥ. ಅದನ್ನು ಒಪ್ಪಿಕೊಳ್ಳುವ ಕಡೆ ಮಕ್ಕಳು ನೆಮ್ಮದಿಯಾಗಿ ತಿನ್ನುತ್ತವೆ. ಗಂಟಲಿಗೆ ಸಿಕ್ಕಿಕೊಳ್ಳುವ ತಿನಿಸನ್ನೂ ನೋಡುತ್ತೇನೆ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡುತ್ತಾರಾ? ಮಗು ಓಡಾಡುತ್ತಾ ತಿನ್ನುತ್ತಿದೆಯಾ? ಆಟದ ಸಾಮಾನಿಗೂ ಇದೇ ಮಾತು. ಮೂರು ವರ್ಷದೊಳಗಿನವರಿಗೆ, ಸುಮಾರು 3.2 ಸೆಂಟಿಮೀಟರ್ ಅಗಲದ ಕೊಳವೆಯೊಳಗೆ ಪೂರ್ತಿ ಇಳಿದುಹೋಗುವ ಯಾವ ವಸ್ತುವೂ ಕೈಗೆ ಸಿಗಬಾರದು.

ಮಲಗುವ ಕೋಣೆಯಲ್ಲಿ ಯಾವ ರಿಯಾಯಿತಿಯೂ ಇಲ್ಲ. ಒಂದು ವರ್ಷದೊಳಗಿನ ಮಗುವನ್ನು ಅಂಗಾತವಾಗಿ, ಗಟ್ಟಿಯಾದ ಸಮತಟ್ಟಾದ ಹಾಸಿಗೆಯಲ್ಲಿ, ದಿಂಬು–ಹೊದಿಕೆ–ಗೊಂಬೆ ಇಲ್ಲದೆ ಮಲಗಿಸಬೇಕು. ಕತ್ತಲೆ ಮಾಡಿ ಬಾಗಿಲು ಹಾಕಿ ಬರುವುದಲ್ಲ. ಮುಖದ ಬಣ್ಣ, ಉಸಿರಾಟ ಕಾಣುವಷ್ಟು ಬೆಳಕು ಇರಬೇಕು, ಒಬ್ಬರು ಅಲ್ಲೇ ಇರಬೇಕು. ಇದರಲ್ಲಿ ತಪ್ಪು ಕಂಡರೆ ವರದಿ ಬರೆಯುವವರೆಗೆ ಕಾಯುವುದಿಲ್ಲ, ಅಲ್ಲೇ ಎದ್ದು ಹೇಳುತ್ತೇನೆ.

ಗೋಡೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಲ್ಲ ಮಕ್ಕಳದ್ದೂ ಒಂದೇ ಥರದ ಚಿಟ್ಟೆ ಅಂಟಿಸಿದ್ದರೆ ಅದನ್ನು ಮಾಡಿದ್ದು ದೊಡ್ಡವರು.

ಬೆಳಗ್ಗೆ ಬಿಟ್ಟುಹೋಗುವ ಹೊತ್ತಿಗೆ ಮಾತ್ರ ತಪ್ಪದೆ ಹಾಜರಿರುತ್ತೇನೆ. ಅಳುವ ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ, ಏನು ಹೇಳುತ್ತಾರೆ ಎಂದು ಕಿವಿಗೊಡುತ್ತೇನೆ. "ಅಳಬೇಡ, ಅಮ್ಮ ಈಗ ಬಂದ್ಬಿಡ್ತಾರೆ" ಎಂದರೆ ಅದು ಸುಳ್ಳು. ಮಗು ಬಾಗಿಲನ್ನೇ ನೋಡುತ್ತಾ ಕೂರುತ್ತದೆ. "ಅಮ್ಮ ಹೋದ್ರು ಅಂತ ಬೇಜಾರಾಯ್ತಾ? ಊಟ ಮಾಡಿ, ನಿದ್ದೆ ಮಾಡಿ ಎದ್ಮೇಲೆ ಬರ್ತಾರೆ. ಅಲ್ಲೀವರೆಗೂ ನಾನಿರ್ತೀನಿ" ಎನ್ನುವವರಿದ್ದಾರೆ. ಮಗುವಿಗೆ ಗಡಿಯಾರ ಗೊತ್ತಿಲ್ಲ, ಊಟ–ನಿದ್ದೆ ಗೊತ್ತು. ಬೆಳಗ್ಗೆ ಹೀಗೆ ಹೇಳಿದವರೇ ನಿದ್ದೆಯಿಂದ ಏಳುವಾಗಲೂ ಕಣ್ಣಿಗೆ ಬಿದ್ದರೆ ಆ ಮಾತಿಗೆ ಬೆಲೆ. ಅದಕ್ಕೇ ಮುಖ್ಯಸ್ಥರನ್ನು ನಾನು ಮೊದಲು ಕೇಳುವುದು, ಈ ಕೋಣೆಯವರು ಎಷ್ಟು ಕಾಲದಿಂದ ಇಲ್ಲಿದ್ದಾರೆ, ಬಿಟ್ಟುಹೋದವರು ಯಾಕೆ ಹೋದರು ಎಂದು. ಸಂಬಳ ಕಡಿಮೆ, ಜನ ನಿಲ್ಲುವುದಿಲ್ಲ ಎಂದು ನೇರವಾಗಿ ಹೇಳುವವರ ಜೊತೆ ಕೆಲಸ ಮಾಡಬಹುದು. ನಮ್ಮಲ್ಲಿ ಯಾವ ಸಮಸ್ಯೆಯೂ ಇಲ್ಲ ಎನ್ನುವವರ ಜೊತೆ ಕಷ್ಟ.

ವರದಿ ಕೊಟ್ಟಾಗ ಅಂಕಗಳ ಜೊತೆ ಒಂದೇ ಒಂದು ಬದಲಾವಣೆ ಕೇಳುತ್ತೇನೆ. ಬಹಳ ಕಡೆ ಕೇಳುವುದು ಇದು: ಒಬ್ಬರು ಎಲ್ಲರ ಡೈಪರ್, ಇನ್ನೊಬ್ಬರು ಎಲ್ಲರ ಊಟ ಎಂದು ಕೆಲಸ ಹಂಚಬೇಡಿ, ಮಕ್ಕಳನ್ನು ಹಂಚಿ. ಈ ಮೂರು ಮಕ್ಕಳ ಊಟ, ನಿದ್ದೆ, ಡೈಪರ್ ಎಲ್ಲ ನಿಮ್ಮದು, ಆ ಮೂವರದು ಅವರದು. ಖರ್ಚಿಲ್ಲ, ಹೊಸ ಸಾಮಾನು ಬೇಡ. ಶುರುವಿನಲ್ಲಿ ಗೊಂದಲ ಆಗುತ್ತದೆ, ಸಿಬ್ಬಂದಿ ಗೊಣಗುತ್ತಾರೆ. ಆಮೇಲೆ ಅವರೇ "ಇವನಿಗೆ ನಿದ್ದೆ ಬಂದ್ರೆ ಕಿವಿ ಎಳ್ಕೋತಾನೆ" ಎಂದು ಹೇಳಲು ಶುರು ಮಾಡುತ್ತಾರೆ. ಮತ್ತೆ ನೋಡಲು ಹೋದಾಗ ಇಂಥ ಮಾತು ಕೇಳಿಬಂದರೆ ಪಟ್ಟಿ ತೆರೆಯುವ ಮೊದಲೇ ನನಗೆ ಖುಷಿಯಾಗುತ್ತದೆ.

ನಿಮ್ಮ ಮಗುವಿಗೆ ಜಾಗ ಹುಡುಕುತ್ತಿದ್ದರೆ ಮೂರು ಗಂಟೆ ಕೂರಲು ಆಗದಿರಬಹುದು. ಊಟಕ್ಕೆ ಸ್ವಲ್ಪ ಮುಂಚೆ ಹೋಗಿ, ನಿದ್ದೆಗೆ ಮಲಗಿಸುವವರೆಗೆ ಇರಿ. ಇನ್ನೊಂದು ದಿನ ಸಂಜೆ ಬಾಗಿಲು ಮುಚ್ಚುವ ಹೊತ್ತಿಗೆ ಹೋಗಿ. ನೆಲದ ಮೇಲೆ ಕೂತು ನೋಡಿ, ಮಗುವಿನ ಎತ್ತರದಿಂದ ಕೋಣೆ ಬೇರೆಯೇ ಕಾಣುತ್ತದೆ. ಒಳಗೆ ಬರುವ ಮುಂಚೆ ಕೈ ತೊಳೆಯಿರಿ, ಫೋಟೋ ತೆಗೆಯಬೇಡಿ ಎಂದರೆ ಒಳ್ಳೆಯದೇ, ಖುಷಿಯಿಂದ ಒಪ್ಪಿಕೊಳ್ಳಿ. ಆದರೆ ಒಳಗೆ ಬಿಡುವುದೇ ಇಲ್ಲ, ಆಫೀಸಿನಲ್ಲಿ ಕೂತು ಕ್ಯಾಮೆರಾದಲ್ಲಿ ನೋಡಿ ಎಂದರೆ, ಆ ಡೇಕೇರ್‌ನ ಹೆಸರನ್ನು ಪಟ್ಟಿಯಿಂದ ತೆಗೆದುಬಿಡಿ.