ಲೋಹ ಕತ್ತರಿಸುವ ಮೊದಲೇ ಪ್ಯಾಕಿಂಗ್ ಯಂತ್ರವನ್ನು ಓಡಿಸಿ ನೋಡುವುದು ಹೇಗೆ?

ಪ್ಯಾಕಿಂಗ್ ಯಂತ್ರವನ್ನು ಪೂರ್ತಿ ಜೋಡಿಸಿದ ಮೇಲೆ ಎರಡು ಭಾಗಗಳು ಒಂದಕ್ಕೊಂದು ತಾಗುತ್ತಿರುವುದು ಗೊತ್ತಾದರೆ, ಭಾಗವನ್ನು ಹೊಸದಾಗಿ ಮಾಡಿಸಬೇಕು, ಪ್ರೋಗ್ರಾಂ ತಿದ್ದಬೇಕು, ಗ್ರಾಹಕರಿಗೆ ಕೊಟ್ಟ ಗಡುವನ್ನೂ ಮುಂದೂಡಬೇಕಾಗುತ್ತದೆ. ಯಂತ್ರದ ಆಕಾರ, ಚಲನೆ, ನಿಯಂತ್ರಣ ಮೂರನ್ನೂ ಒಳಗೊಂಡ ಕಂಪ್ಯೂಟರ್ ಪ್ರತಿರೂಪವಾದ ಡಿಜಿಟಲ್ ಟ್ವಿನ್ ಇಂಥ ದೋಷಗಳನ್ನು ಮೊದಲೇ ಹಿಡಿದುಕೊಡುತ್ತದೆ. ಆದರೆ ಅದು ನೋಡಲು ಚೆನ್ನಾಗಿದ್ದರೆ ಸಾಲದು. ಸಮಯದ ಲೆಕ್ಕದಲ್ಲಿ ನಿಜವಾದ ಯಂತ್ರದಂತೆಯೇ ನಡೆದುಕೊಳ್ಳಬೇಕು.

ಇಡೀ ಲೈನಿನ ಪ್ರತಿರೂಪವನ್ನು ಒಮ್ಮೆಲೇ ಕಟ್ಟಲು ಹೊರಡಬೇಡಿ. ಹೆಚ್ಚು ತೊಂದರೆ ಕೊಡುವ ಒಂದು ಘಟಕವನ್ನು ಆರಿಸಿಕೊಂಡು, ಅದರ ಮೂರು ಆಯಾಮದ ವಿನ್ಯಾಸದಿಂದ ಸ್ಕ್ರೂ, ಲೇಬಲ್‌ನಂಥ ಅನಗತ್ಯ ವಿವರಗಳನ್ನು ತೆಗೆದು, ಚಲಿಸುವ ಪ್ರತಿಯೊಂದು ಭಾಗಕ್ಕೂ ತೂಕ, ಅಕ್ಷ ಮತ್ತು ಚಲನೆಯ ಮಿತಿಯನ್ನು ಕೊಡಿ.

ಫಿಲ್ಮ್‌ನಿಂದ ಚೀಲ ರೂಪಿಸಿ, ತುಂಬಿ, ಸೀಲ್ ಮಾಡುವ ಲಂಬ ಯಂತ್ರವನ್ನೇ ನೋಡಿ. ನಿಮಿಷಕ್ಕೆ 120 ಚೀಲವೆಂದರೆ ಒಂದು ಚೀಲಕ್ಕೆ ಸಿಗುವುದು 500 ಮಿಲಿಸೆಕೆಂಡ್. ಸೀಲ್ ಆಗಲು 200 ಮಿಲಿಸೆಕೆಂಡ್ ಬೇಕಿದ್ದರೆ, ಫಿಲ್ಮ್ ಎಳೆಯುವುದು, ಫಿಲ್ಮನ್ನು ಒತ್ತಿ ಸೀಲ್ ಮಾಡುವ ದವಡೆ (ಸೀಲಿಂಗ್ ಜಾ) ಮುಚ್ಚಿ ತೆರೆಯುವುದು ಉಳಿದ 300ರಲ್ಲೇ ಮುಗಿಯಬೇಕು. ಇತ್ತ ತೂಕದ ಯಂತ್ರದಿಂದ ಬಿಟ್ಟ ಪದಾರ್ಥಕ್ಕೆ 1 ಮೀಟರ್ ಕೆಳಗೆ ಬೀಳಲು ಸುಮಾರು 450 ಮಿಲಿಸೆಕೆಂಡ್ ಬೇಕು. ಹಗುರವಾದದ್ದು ಇನ್ನೂ ನಿಧಾನವಾಗಿ ಬೀಳುತ್ತದೆ. ಹಾಗಾಗಿ ಮೇಲಿನ ಬಾಗಿಲು ಹೆಚ್ಚುಕಡಿಮೆ ಒಂದು ಚೀಲದಷ್ಟು ಮುಂಚೆಯೇ ತೆರೆಯಬೇಕು, ಇಲ್ಲದಿದ್ದರೆ ಹಿಂದುಳಿದ ಚೂರುಗಳು ಸೀಲಿನಲ್ಲಿ ಸಿಕ್ಕಿಕೊಳ್ಳುತ್ತವೆ. ಟ್ವಿನ್‌ನ ನಿಜವಾದ ಬೆಲೆ ತಿಳಿಯುವುದು ಇಲ್ಲಿಯೇ. ಫಿಲ್ಮ್ ಎಷ್ಟು ಹಿಗ್ಗುತ್ತದೆ, ಎಷ್ಟು ಜಾರುತ್ತದೆ ಎಂಬುದನ್ನು ಮಾತ್ರ ಊಹಿಸದೆ, ಬಳಸಲಿರುವ ರೋಲ್‌ನಿಂದಲೇ ಅಳೆದು ತುಂಬಬೇಕು.

ಮುಂದಿನ ಹೆಜ್ಜೆಯಲ್ಲಿ, ಯಂತ್ರಕ್ಕೆ ಹೋಗಲಿರುವ ಪಿಎಲ್‌ಸಿ (ಯಂತ್ರವನ್ನು ನಿಯಂತ್ರಿಸುವ ಕೈಗಾರಿಕಾ ಕಂಪ್ಯೂಟರ್) ಪ್ರೋಗ್ರಾಂನಿಂದಲೇ ಟ್ವಿನ್ ಅನ್ನು ಓಡಿಸಿ. ಪರೀಕ್ಷೆಗೆಂದು ಬೇರೆ ಪ್ರೋಗ್ರಾಂ ಬರೆದರೆ ಪರೀಕ್ಷಿಸಿದ್ದು ಒಂದು, ಕಳಿಸಿದ್ದು ಇನ್ನೊಂದು ಎಂದಾಗುತ್ತದೆ. ಓಡು, ನಿಲ್ಲು, ತಡೆ ಮುಂತಾದ ಸ್ಥಿತಿಗಳಿಗೆ ಪ್ಯಾಕಿಂಗ್ ಉದ್ಯಮದ ಸಾಮಾನ್ಯ ಮಾನದಂಡವಾದ ಪ್ಯಾಕ್‌ಎಂಎಲ್ ಮಾದರಿಯನ್ನು ಅನುಸರಿಸಿದರೆ ಬೇರೆ ತಯಾರಕರ ಯಂತ್ರಗಳೊಂದಿಗೆ ಜೋಡಿಸುವುದೂ ಸುಲಭ. ಆಮೇಲೆ ಬೇಕೆಂದೇ ಕೆಡಿಸಿ ನೋಡಿ: ರೋಲ್ ಮುಗಿಯಲಿ, ಸೆನ್ಸರ್ ಸತ್ತುಹೋಗಲಿ, ಸೀಲ್ ಆಗುತ್ತಿರುವಾಗಲೇ ತುರ್ತು ನಿಲುಗಡೆಯ ಗುಂಡಿ ಒತ್ತಲ್ಪಡಲಿ.

ಕಣ್ಣೆದುರಿನ ನಿಜವಾದ ದೃಶ್ಯದ ಮೇಲೆ ಕಂಪ್ಯೂಟರ್ ಚಿತ್ರವನ್ನು ಕೂರಿಸಿ ತೋರಿಸುವ ಆಗ್ಮೆಂಟೆಡ್ ರಿಯಾಲಿಟಿಯ ಸರದಿ ಇದಾದ ಮೇಲೆ ಬರುತ್ತದೆ. ಆ ಹೆಸರು ಬಳಕೆಗೆ ಬಂದದ್ದೇ ಕಾರ್ಖಾನೆಯ ಕೆಲಸದಿಂದ; 1990ರ ದಶಕದ ಆರಂಭದಲ್ಲಿ ಬೋಯಿಂಗ್‌ನ ಟಾಮ್ ಕೌಡೆಲ್ ಮತ್ತು ಡೇವಿಡ್ ಮಿಜೆಲ್ ವಿಮಾನದ ವೈರಿಂಗ್ ಜೋಡಿಸುವವರಿಗೆ ನೆರವಾಗಲೆಂದು ಇದನ್ನು ರೂಪಿಸುತ್ತಿದ್ದರು. ಗ್ರಾಹಕರ ಖಾಲಿ ಜಾಗದಲ್ಲಿ ಟ್ಯಾಬ್ಲೆಟ್ ಹಿಡಿದು ಯಂತ್ರವನ್ನು ನಿಜವಾದ ಗಾತ್ರದಲ್ಲಿ ನಿಲ್ಲಿಸಿ, ಬಾಗಿಲುಗಳು ಪೂರ್ತಿ ತೆರೆಯುತ್ತವೆಯೇ, ರೋಲ್ ಬದಲಿಸಲು ಜಾಗ ಸಾಕೇ ಎಂದು ನೋಡಿಕೊಳ್ಳಿ. ಯಂತ್ರ ಬಂದ ಬಳಿಕ ಚಿತ್ರವನ್ನು ಹೊಂದಿಸುವ ಗುರುತನ್ನು ಅಲುಗದ ಚೌಕಟ್ಟಿನ ಮೇಲೆಯೇ ಅಂಟಿಸಿ. ಬಿಚ್ಚಿ ಹಾಕುವ ಮುಚ್ಚಳದ ಮೇಲಿದ್ದರೆ ಪರದೆಯ ಮೇಲಿನ ಬಾಣ ಬೇರೆ ಬೋಲ್ಟನ್ನು ತೋರಿಸೀತು. ಎರಡೂ ಕೈ ಬೇಕಾದ ಕೆಲಸಗಳಿಗೆ ತಲೆಗೆ ಧರಿಸುವ ಸಾಧನ ಮೇಲು. ಪರದೆ ಏನೇ ತೋರಿಸಲಿ, ವಿದ್ಯುತ್ ಕಡಿದು ಬೀಗ ಹಾಕದೆ, ಉಳಿದ ಗಾಳಿಯ ಒತ್ತಡ ಬಿಡದೆ ಯಾರೂ ಒಳಗೆ ಕೈ ಹಾಕಕೂಡದು.

ಅಮೆರಿಕದ ತಜ್ಞ ಮೈಕೆಲ್ ಗ್ರೀವ್ಸ್ 2002ರಲ್ಲಿ ಟ್ವಿನ್‌ನ ಹಿಂದಿರುವ ಪರಿಕಲ್ಪನೆಯನ್ನು ಮಂಡಿಸಿದ್ದು ಉತ್ಪನ್ನದ ಇಡೀ ಆಯುಷ್ಯದ ನಿರ್ವಹಣೆಗಾಗಿ. ಆದ್ದರಿಂದ ಯಂತ್ರ ಕಳಿಸಿದೊಡನೆ ಫೈಲ್ ಮುಚ್ಚಿಡಬಾರದು. ಗ್ರಾಹಕರಲ್ಲಿ ಬದಲಿಸಿದ ಪ್ರತಿ ಭಾಗ ಮತ್ತು ತಿದ್ದಿದ ಪ್ರತಿ ಪ್ರೋಗ್ರಾಂ ಅದೇ ವಾರ ಟ್ವಿನ್‌ನಲ್ಲಿ ದಾಖಲಾಗಬೇಕು. ಆ ಹೊಣೆಯನ್ನು ಒಬ್ಬರ ಹೆಸರಿಗೇ ವಹಿಸಿಬಿಡಿ.