ಕಾರ್ಟೂನ್ ಚಿನ್ನದ ನಾಣ್ಯ: ನಾನು ಪರೀಕ್ಷಿಸುವ ಬಗೆ

ಕಾರ್ಟೂನ್ ಪಾತ್ರದ ಚಿತ್ರವಿರುವ ಚಿನ್ನದ ನಾಣ್ಯ ಕೈಗೆ ಬಂದೊಡನೆ ತಿರುಗಿಸಿ, ಪಾತ್ರದ ಚಿತ್ರವಿಲ್ಲದ ಮುಖವನ್ನು ಓದುತ್ತೇನೆ. ಅಲ್ಲಿ ಹೊರಡಿಸಿದ ದೇಶದ ಹೆಸರು ಮತ್ತು ಮುಖಬೆಲೆ ಇರಬೇಕು. ನ್ಯೂಜಿಲೆಂಡ್ ಮಿಂಟ್ ಎಂಬ ಟಂಕಸಾಲೆಯ ಡಿಸ್ನಿ ನಾಣ್ಯಗಳಾದರೆ ನಿಯುವೆ, ಆಸ್ಟ್ರೇಲಿಯಾದ ಪರ್ತ್ ಮಿಂಟ್‌ನ ಸಿಂಪ್ಸನ್ಸ್ ಆದರೆ ತುವಾಲು; ಎರಡೂ ಪೆಸಿಫಿಕ್ ಸಾಗರದ ಪುಟ್ಟ ದ್ವೀಪ ದೇಶಗಳು. ದೇಶದ ಹೆಸರು, ಮುಖಬೆಲೆ ಎರಡೂ ಇಲ್ಲದಿದ್ದರೆ ಅದು ಪದಕ, ನಾಣ್ಯವಲ್ಲ. 'ಗೋಲ್ಡ್ ಪ್ಲೇಟೆಡ್', 'ಗೋಲ್ಡ್ ಕ್ಲ್ಯಾಡ್' (ಚಿನ್ನ ಲೇಪಿಸಿದ್ದು) ಎಂದಿದ್ದರೆ ಪಕ್ಕದ 999 ಎಂಬ ಶುದ್ಧತೆಯ ಅಂಕಿ ಹೆಚ್ಚಾಗಿ ಮೇಲಿನ ಲೇಪಕ್ಕಷ್ಟೇ ಸಂಬಂಧಿಸಿದ್ದು. ಒಳಗೆ ಸಾಮಾನ್ಯವಾಗಿ ತಾಮ್ರವೋ ಹಿತ್ತಾಳೆಯೋ ಇರುತ್ತದೆ.

ಆಮೇಲೆ ತೂಕ. ಚಿನ್ನ ತೂಗುವ 1 ಔನ್ಸ್ (ಟ್ರಾಯ್ ಔನ್ಸ್) ಎಂದರೆ 31.1 ಗ್ರಾಂ, ಕಾಲು ಔನ್ಸ್ 7.78 ಗ್ರಾಂ. ಸಾಂದ್ರತೆ ನೋಡಲು ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ನಾಣ್ಯವನ್ನು ತೆಳು ದಾರದಲ್ಲಿ ತೂಗುಬಿಟ್ಟು ಪೂರ್ತಿ ಮುಳುಗಿಸುತ್ತೇನೆ. ತಳ ತಾಗಿದರೆ ಲೆಕ್ಕ ಕೆಟ್ಟಿತು. ಅಂಚಿಗೆ ಗಾಳಿಗುಳ್ಳೆ ಅಂಟಿದರೂ ಅಷ್ಟೇ, ಸಾಂದ್ರತೆ ಕಡಿಮೆ ಬರುತ್ತದೆ. ನಾಣ್ಯದ ತೂಕವನ್ನು ಆಗ ತೋರುವ ಅಂಕಿಯಿಂದ ಭಾಗಿಸಿದರೆ 24 ಕ್ಯಾರಟ್ಟಿಗೆ 19.3ರ ಹತ್ತಿರ ಬರಬೇಕು. 1 ಔನ್ಸಿಗೆ ತಕ್ಕಡಿ ತೋರುವುದು ಸುಮಾರು 1.61 ಗ್ರಾಂ. ಬ್ರಿಟನ್ನಿನ ರಾಯಲ್ ಮಿಂಟ್‌ನ 2020ರ ವಿನ್ನಿ ದ ಪೂ ಚಿನ್ನದ 50 ಪೆನ್ಸ್ 22 ಕ್ಯಾರಟ್ಟಿನದು, ಅದರಲ್ಲಿ 19.3 ಬಾರದೆಂದು ಗಾಬರಿಯಾಗಬೇಡಿ. ಅರ್ಧ ಗ್ರಾಮಿನ ಪುಟ್ಟ ನಾಣ್ಯಕ್ಕೆ ಬರುವುದು 0.026 ಗ್ರಾಂ ಮಾತ್ರ. 0.01 ಗ್ರಾಮಿನ ತಕ್ಕಡಿಗೆ ಅದು ದಕ್ಕುವುದಿಲ್ಲ, 0.001 ತೋರುವುದೇ ಬೇಕು.

ಈ ಪರೀಕ್ಷೆಗೂ ಮಿತಿಯಿದೆ. ಟಂಗ್‌ಸ್ಟನ್ ಲೋಹದ ಸಾಂದ್ರತೆ ಹೆಚ್ಚುಕಡಿಮೆ ಚಿನ್ನದಷ್ಟೇ, ಹಾಗಾಗಿ ಅದನ್ನು ಒಳಗಿಟ್ಟ ನಕಲಿ ಇಲ್ಲಿ ಸಿಕ್ಕಿಬೀಳುವುದಿಲ್ಲ. ದೊಡ್ಡ ನಾಣ್ಯದ ಮೇಲೆ ಅನುಮಾನ ಬಂದರೆ ಅಲ್ಟ್ರಾಸೌಂಡ್ ಅಥವಾ ವಿದ್ಯುತ್ ವಾಹಕತೆಯ ಪರೀಕ್ಷೆ ಮಾಡಿಸುತ್ತೇನೆ. ಎಕ್ಸ್-ರೇ ಬಿಟ್ಟು ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರ ಮೇಲ್ಪದರವನ್ನಷ್ಟೇ ಓದುವುದರಿಂದ ಅದೊಂದನ್ನೇ ನಂಬುವುದಿಲ್ಲ.

ಪ್ರೂಫ್ ನಾಣ್ಯವನ್ನು (ಸಂಗ್ರಹಕಾರರಿಗಾಗಿ ವಿಶೇಷ ಹೊಳಪಿನಿಂದ ಟಂಕಿಸಿದ್ದು) ಮಾತ್ರ ನೀರಿಗೆ ಇಳಿಸುವುದೇ ಇಲ್ಲ. ಕನ್ನಡಿಯಂಥ ಆ ಹೊಳಪಿಗೆ ನೀರಿನ ಕಲೆ, ಬಟ್ಟೆಯ ಒಂದು ಒರೆಸು ಸಾಕು, ಗೆರೆ ಬಿದ್ದುಹೋಗುತ್ತದೆ. ಅಪ್ಪಟ ಚಿನ್ನ ಅಷ್ಟು ಮೆತ್ತಗೆ. ಅಂಚು ಮಾತ್ರ ಹಿಡಿಯಬೇಕು. ಬಣ್ಣ ಮುದ್ರಿಸಿದ ಪಾತ್ರವಿದ್ದರೆ ಅಸಿಟೋನ್ ಹತ್ತಿರ ತರಲೇಬಾರದು, ಬೇರೆ ನಾಣ್ಯಗಳಿಗೆ ಒಗ್ಗುವ ಆ ದ್ರವ ಇಲ್ಲಿ ಬಣ್ಣವನ್ನೇ ಎಬ್ಬಿಸುತ್ತದೆ. ಪಿವಿಸಿ ಚೀಲವೂ ಬೇಡ. ಅಳತೆಗೆ ಸರಿಯಾದ ಅಕ್ರಿಲಿಕ್ ಕ್ಯಾಪ್ಸೂಲ್ ಸಾಕು.

ಬೆಲೆ ಕಟ್ಟುವಾಗ, ಮಾರುವವರು ಕೇಳುವ ಬೆಲೆಯಿಂದ ನಾಣ್ಯದಲ್ಲಿರುವ ಚಿನ್ನದ ಅಂದಿನ ಬೆಲೆಯನ್ನು ಮೊದಲು ಕಳೆಯುತ್ತೇನೆ. ಉಳಿದದ್ದು ಪಾತ್ರಕ್ಕೆ, ಪರವಾನಗಿಗೆ, ಕಡಿಮೆ ಸಂಖ್ಯೆಯಲ್ಲಿ ಟಂಕಿಸಿದ್ದಕ್ಕೆ ಕೊಡುವ ಹಣ. ಮೂಲ ಡಬ್ಬಿ, ಕ್ರಮಸಂಖ್ಯೆಯ ಪ್ರಮಾಣಪತ್ರ ಇಲ್ಲದಿದ್ದರೆ ಆ ಉಳಿಕೆಯನ್ನು ನಾನು ಕೊಡುವುದಿಲ್ಲ, ಲೋಹದ ಬೆಲೆಗೆ ತುಸು ಸೇರಿಸಿ ಕೇಳುತ್ತೇನೆ.